ಪಾವಣ್ಯಾರ ಕೊಡ

ಸಿದ್ದನಮಡ್ಡಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಇದು ಬಾಯಿಮಾತು ಅನ್ನುವವರು ಒಂದು ಸೇರು ತೊಗರಿಬೇಳೆ ಕಟ್ಟಿಕೊಂಡು ಆ ಊರಿಗೆ ಹೋಗಿ ನೋಡಬೇಕಿತ್ತು. ಒಲೆಯಲ್ಲಿ ಕಟ್ಟಿಗೆ ತೀರಿ ಬೂದಿಯಾದರೂ ಬೇಳೆ ಮಾತ್ರ ಗಟ್ಟಿ ಕಾಳಾಗಿಯೇ ಉಳಿಯುತ್ತಿತ್ತು. ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತಿತ್ತು, ಸಬಕಾರ ನೊರೆ ಬಿಡುತ್ತಿರಲಿಲ್ಲ, ಎರೆದುಕೊಂಡ ತಲೆಗೆ ಬಾಚಣಿಗೆ ಇಳಿಯುತ್ತಿರಲಿಲ್ಲ. ಅಥಣಿ ತಾಲೂಕಿನಲ್ಲಿ ಕಾಗವಾಡದ ಆಚೆಗಿನ ಸವುಳು ನೆಲ ಅದು. ಎಲ್ಲಿ ತೋಡಿದರೂ ಉಪ್ಪು ನೀರು. ಕೃಷ್ಣಾ ಹೊಳೆ ಒಂಬತ್ತು ಮೈಲಿ ದೂರ ಹರಿಯುತ್ತಿತ್ತು. ಒಂಬತ್ತು ಮೈಲಿ ಅಂದರೆ ತಲೆಯ ಮೇಲೆ ಕೊಡ ಹೊರುವವಳಿಗೆ ಕಾಶಿಯಷ್ಟು ದೂರ.

ಆದರೂ ಮಾನ ಅಂತ ಒಂದು ಇರುತ್ತದಲ್ಲ. ಆ ಊರಿನ ಪ್ರತಿ ಮನೆಯ ಅಡುಗೆಕೋಣೆಯಲ್ಲಿ ಎರಡು ಕೊಡ ಇರುತ್ತಿದ್ದವು. ಒಂದು ಮನೆಯವರದು, ಬಾವಿಯ ನೀರು. ಇನ್ನೊಂದು ಪಾವಣ್ಯಾರ ಕೊಡ, ಅಂದರೆ ಬಂದ ಬೀಗರಿಗೆ, ನೆಂಟರಿಗೆ ಅಂತ ಬೇರೆ ಊರಿಂದ ತಂದು ತೆಗೆದಿಟ್ಟ ಸಿಹಿ ನೀರು. ಮನೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಕೂಸು ಅತ್ತರೂ ಕೊಡುತ್ತಿರಲಿಲ್ಲ. ಮನೆಗೆ ಬಂದವರಿಗೆ ಬೆಲ್ಲದ ಜೊತೆ ಆ ಕೊಡದ ನೀರು ಕೊಡಬೇಕು, ಮತ್ತು ಇದು ಬೇರೆ ಕೊಡದ್ದು ಅಂತ ಬಾಯಿ ಬಿಡಬಾರದು. ಮನೆಯವರು ಕುಡಿಯುವುದೇ ಬೇರೆ ಅಂತ ತಿಳಿದರೆ ಬಂದವರ ಗಂಟಲಲ್ಲಿ ಆ ನೀರು ಇಳಿದೀತೆ? ಅದಕ್ಕೇ ಆ ಊರಿಗೆ ಬಂದು ಹೋದ ಎಷ್ಟೋ ಜನ ಸಿದ್ದನಮಡ್ಡಿಯ ನೀರು ಅಷ್ಟೇನೂ ಕೆಟ್ಟದ್ದಲ್ಲ ಅಂತಲೇ ಹೇಳಿಕೊಂಡು ತಿರುಗಿದರು.

ಸಕ್ಕುಬಾಯಿ ಈ ಊರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತನೆಯ ಇಸವಿಯಲ್ಲಿ. ತವರು ಯಡೂರು, ಕೃಷ್ಣೆಯ ದಂಡೆ. ಅವರ ಮನೆಯ ಹಿತ್ತಲಿನ ಬಾಗಿಲು ತೆಗೆದರೆ ಹೊಳೆ. ಈಜು, ಬಟ್ಟೆ, ಎಮ್ಮೆ, ಜಗಳ, ಎಲ್ಲ ಹೊಳೆಯಲ್ಲೇ. ಗಂಡ ಭೀಮಸಿ ನಾಲ್ಕು ಎಕರೆ ಹೊಲ, ಮೂವತ್ತು ಕುರಿ ಇದ್ದವನು, ಬೈಯುವವನಲ್ಲ, ಹೊಡೆಯುವವನಲ್ಲ. ಅಂಥ ಮನೆಗೆ ಬಂದ ಮರುದಿನ ಮುಂಜಾನೆ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡವಳು ಅತ್ತೆಯ ಮುಂದೆಯೇ ಉಗುಳಿಬಿಟ್ಟಿದ್ದಳು.

ಅತ್ತೆ ಸಿಟ್ಟಾಗಲಿಲ್ಲ. "ಉಗಳಬ್ಯಾಡ ಮಗಳ, ನುಂಗು," ಅಂದಳು. "ಒಂದ ವರ್ಷ ನುಂಗಿದ್ರ ನಾಲಿಗಿ ಸಾಯ್ತೈತಿ. ಆಮ್ಯಾಲ ಏನೂ ಅನ್ನಸೂದಿಲ್ಲ."

ಅತ್ತೆ ಸತ್ತು ಎಷ್ಟೋ ವರ್ಷವಾಯಿತು. ಸಕ್ಕುಬಾಯಿಯ ನಾಲಿಗೆ ಮಾತ್ರ ಸಾಯಲಿಲ್ಲ. ದಿನಾ ಮುಂಜಾನೆ ಮೊದಲ ಗುಟುಕಿಗೆ ಅವಳಿಗೆ ಯಡೂರು ನೆನಪಾಗುತ್ತಿತ್ತು. ಅದೂ ಎಂಥ ನೆನಪು! ಅಪ್ಪನದಲ್ಲ, ಅವ್ವನದಲ್ಲ, ಮೊಳಕಾಲುದ್ದ ನೀರಲ್ಲಿ ನಿಂತು ಬೊಗಸೆ ಎತ್ತಿ ಕುಡಿದದ್ದು. ಇದನ್ನು ಗಂಡನ ಮುಂದೆ ಹೇಳಿದರೆ ಅವನು "ನೀರಿಗ್ಯಾಕ ಅಳ್ತಿ, ಹುಚ್ಚಿ" ಅಂದು ಕುರಿ ಬಿಡಲು ಹೋಗುತ್ತಿದ್ದ. ಆ ಊರಲ್ಲೇ ಹುಟ್ಟಿ ಬೆಳೆದವನಿಗೆ ಅದೇನು ತಿಳಿಯಬೇಕು?

ಹೊಳೆಯ ಮಾತು ಆಡಲು ಮನೆಯಲ್ಲಿ ಒಂದು ಜೀವ ಬೇಕು ಅಂತ ಅವಳ ಆಸೆ. ಆ ಜೀವಕ್ಕೆ ಹೆಸರೂ ಇತ್ತು. ಅವಳ ತಮ್ಮ ಅಪ್ಪಾಸಾಬನ ಮಗಳು ಶೇವಂತಾ. ಹೆಸರಿಡುವ ದಿನ ತೊಟ್ಟಿಲ ಮೇಲೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ಸೋದರತ್ತೆ ಸಕ್ಕುಬಾಯಿಯೇ. ಪದ್ಧತಿಯಂತೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಧಪಧಪ ಗುದ್ದುತ್ತಿರುವಾಗ, ಎದ್ದು ನಿಂತು ಎಲ್ಲರಿಗೂ ಕೇಳುವಂತೆ "ಗುದ್ರಿ, ಬೇಕಾದಷ್ಟ ಗುದ್ರಿ. ಇಕಿ ನನ್ನ ಸೊಸಿ" ಅಂದಿದ್ದಳು. ಅವಳ ಮಗ ಹಾಲಸಿದ್ದನಿಗೆ ಆಗ ಐದು ವರ್ಷ. ತಮ್ಮನ ಮಗಳನ್ನು ಅಕ್ಕನ ಮಗನಿಗೆ ತರುವುದು ಆ ಕಡೆ ಕೇಳಿ ಪಡೆಯುವಂಥದ್ದೂ ಅಲ್ಲ, ಹಕ್ಕು.

ಆದರೆ ಶೇವಂತಾಳಿಗೆ ಹದಿನಾಲ್ಕು ತುಂಬಿದ ವರ್ಷ ಅಪ್ಪಾಸಾಬ ಅಕ್ಕನ ಮನೆಗೆ ಬಂದು, ಕಂಬಳಿಯ ಮೇಲೆ ಕೂತು, ಕಣ್ಣು ತಪ್ಪಿಸಿ ಮಾತಾಡಿದ.

"ಅಕ್ಕಾ, ನಿನಗ ಇಲ್ಲ ಅನ್ನೂ ಧೈರ್ಯ ನನಗಿಲ್ಲ. ಖರೇ ನೀ ಈ ಸವುಳ ನೀರಾಗ ಬೆಂದದ್ದು ನಾ ನೋಡೇನಿ. ನಿನ್ನ ಕೂದಲಾ ನೋಡು, ಹಲ್ಲಾ ನೋಡು. ಅವ್ವ ಸಾಯೂತನಕ ಅದನ್ನ ಹೇಳಿ ಅತ್ತಾಳ. ಊರಿಗೆ ನಳಾ ಬರ್ಲಿ. ನೀರು ಬಿದ್ದ ಮರುದಿನ ಶೇವಂತಾಗ ಸೀರಿ ಉಡಿಸಿ ಕಳಸ್ತೀನಿ."

"ನಳಾ ಬರದಿದ್ರ?"

"ಬರ್ತೈತಿ ಬಿಡು. ಸರಕಾರ ಅಂದಮ್ಯಾಲ ಇವತ್ತಿಲ್ಲಾ ನಾಳೆ ಬರ್ತೈತಿ."

ಸಕ್ಕುಬಾಯಿಗೆ ತಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ. ಅಂದಿನಿಂದ ಅವಳಿಗೆ ನಳ ಅಂದರೆ ಬರಿಯ ನೀರಲ್ಲ, ಶೇವಂತಾ. ನಳ ಬಂದರೆ ಶೇವಂತಾ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ. ಇಷ್ಟೇ ಲೆಕ್ಕ.

ನಳಕ್ಕಾಗಿ ಊರು ಹತ್ತು ವರ್ಷದಿಂದ ಅರ್ಜಿ ಬರೆಯುತ್ತಿತ್ತು. ಬರೆಯುವವನು ಭೀಮಗೊಂಡ ಪಾಟೀಲ. ಜೈನರ ಮನೆಯವನು, ಊರ ಅಗಸಿಯಲ್ಲಿ ಕಿರಾಣಿ ಅಂಗಡಿ, ಪಂಚಾಯಿತಿಗೆ ಚೇರಮನ್. ಮಧ್ಯಾಹ್ನದ ಬಸ್ಸಿಗೆ ಬರುವ ಪೇಪರನ್ನು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ಗಟ್ಟಿಯಾಗಿ ಓದುವುದು ಅವನ ಚಟ. ಅವನ ಮನೆಯಲ್ಲಿ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. "ಸೋಸಿದ್ರ ಹುಳಾ ಹೋಗತಾವ, ಉಪ್ಪ ಎಲ್ಲಿ ಹೋಗ್ತೈತಿ?" ಅಂತ ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಅರ್ಜಿಗಳಿಗೆ ಉತ್ತರ ಬರುತ್ತಿತ್ತು, ಅದಕ್ಕೇನೂ ಕಡಿಮೆಯಿಲ್ಲ. ಎಲ್ಲ ಉತ್ತರದಲ್ಲೂ ಒಂದೇ ಮಾತು: ಅನುದಾನ ಇಲ್ಲ.

ತೊಂಬತ್ತೊಂದರ ಮಳೆಗಾಲದಲ್ಲಿ ಸಕ್ಕುಬಾಯಿ ಬೆಲ್ಲ ತರಲು ಹೋದಾಗ ಅಂಗಡಿಯ ಮುಂದೆ ಹತ್ತು ಜನ ಕೂತಿದ್ದರು. ಭೀಮಗೊಂಡ ಪೇಪರು ಮಡಿಸಿ ಕನ್ನಡಕ ತೆಗೆದ.

"ದೇಶದ ಬಂಗಾರನ ವಿಮಾನದಾಗ ಹಾಕಿ ಇಂಗ್ಲಂಡಿಗೆ ಕಳಿಸ್ಯಾರ," ಅಂದ. "ಒತ್ತಿ ಇಡಾಕ."

"ಯಾಕ್ರಿ ಅಣ್ಣಾರ?" ಅಂದಳು ಸಕ್ಕುಬಾಯಿ.

"ಹೊರದೇಶದ ಸಾಲಾ ಬೆಳದೈತಿ. ಕಟ್ಟಾಕ ಕೈಯಾಗ ಅವರ ದೇಶದ ರೊಕ್ಕ ಇಲ್ಲ."

"ಮತ್ತ ನಮ್ಮ ನಳಾ?"

ಕೂತವರು ನಕ್ಕರು. ನಗುವುದೇನು ಬಂತು ಇದರಲ್ಲಿ? ಮನೆಯ ಹೆಣ್ಣುಮಗಳ ಕೊರಳಿನ ಬಂಗಾರದ ಬೋರಮಾಳ ಒತ್ತಿ ಬಿದ್ದಮೇಲೆ ಆ ವರ್ಷ ಗೋಡೆಗೆ ಸುಣ್ಣ ಬೀಳುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೇಶದ ಮಾತನ್ನು ಅಲ್ಲಿದ್ದವರೆಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡವಳು ಅವಳೇ. ಬೆಲ್ಲ ಕಟ್ಟಿಸಿಕೊಂಡು ಮನೆಗೆ ಬಂದು ಸುಮ್ಮನೆ ಒಲೆಯ ಮುಂದೆ ಕೂತಳು. ಶೇವಂತಾಳಿಗೆ ಹದಿನೈದು. ಇನ್ನು ಎಷ್ಟು ವರ್ಷ ತಮ್ಮ ತಡೆದಾನು?

ಎರಡು ವರ್ಷ ಕಳೆದಮೇಲೆ ಭೀಮಗೊಂಡನೇ ಅವಳ ಮನೆಗೆ ಬಂದ. ಮುಖ ಅರಳಿತ್ತು. "ಸಕ್ಕವ್ವ, ಹೊರದೇಶದವ್ರು ಹಳ್ಳಿ ನೀರಿಗೆ ಅಂತ ಸರಕಾರಕ್ಕ ರೊಕ್ಕ ಕೊಡಾಕತ್ತಾರ. ಸ್ವಲ್ಪ ಪುಕ್ಕಟೆ, ಉಳದದ್ದು ಸಾಲ. ಉಪ್ಪ ನೀರಿನ ಊರಿಗೆ ಮೊದಲ."

"ಸಾಲದಾಗ ಮುಳುಗಿದವ್ರಿಗೆ ಮತ್ತ ಯಾರ ಕೊಡ್ತಾರ್ರಿ ಸಾಲಾ?"

"ಮುಳುಗಿದವ್ರಿಗೇ ಕೊಡ್ತಾರವ್ವ. ದಂಡಿಗೆ ನಿಂತಾಂವ ಯಾಕ ತಗೋತಾನ?"

"ತೀರಸಾವ್ರು ಯಾರು?"

"ನಾವ. ನೀ, ನಾ, ಭೀಮಸಿ, ನಿನಗ ಮುಂದ ಹುಟ್ಟೂ ಮೊಮ್ಮಕ್ಕಳು. ತಲಿಗೆ ಇಷ್ಟು ಅಂತ ಬರ್ತೈತಿ."

"ಬರ್ಲಿ ಬಿಡ್ರಿ," ಅಂದಳು ಸಕ್ಕುಬಾಯಿ. "ನೀರು ಬಂದ್ರ ನನ್ನ ಪಾಲು ನಾ ಕೊಡ್ತೀನಿ. ಮೊಮ್ಮಕ್ಕಳದೂ ನಾನ ಕೊಡ್ತೀನಿ."

ತೊಂಬತ್ನಾಲ್ಕರ ಹೋಳಿ ಹುಣ್ಣಿಮೆ ಮುಗಿದ ವಾರಕ್ಕೆ ಹೊರದೇಶದವರು ಊರು ನೋಡಲು ಬರುವರೆಂದು ಗೊತ್ತಾಯಿತು. ಭೀಮಗೊಂಡ ಡಂಗುರ ಹೊಡೆಸಿದ: ಇದ್ದದ್ದನ್ನು ಇದ್ದಹಾಗೆ ತೋರಿಸಬೇಕು, ಏನೂ ಮುಚ್ಚಬಾರದು. ಡಂಗುರ ಹೊಡೆದವನು ಪಂಚಾಯಿತಿಯ ಆಳು ದುರಗಪ್ಪ. ಅವನ ಗಂಟಲು ಮೂರು ಓಣಿಗೆ ಕೇಳುವಂಥದ್ದು. ಎಲ್ಲರೂ ಕೇಳಿದರು, ಎಲ್ಲರೂ ತಲೆಯಾಡಿಸಿದರು, ಮರುದಿನ ಎಲ್ಲರೂ ಕಸಬರಿಗೆ ಹಿಡಿದರು. ಓಣಿಗೆ ಸೆಗಣಿ ಸಾರಿಸಿದರು, ಬಾವಿಯ ಕಟ್ಟೆಗೆ ಸುಣ್ಣ ಹೊಡೆದರು, ಅಗಸಿಗೆ ಮಾವಿನ ತೋರಣ ಬಂತು. ಭೀಮಗೊಂಡ ಹಣೆ ಬಡಿದುಕೊಂಡ. "ಕಷ್ಟಾ ತೋರಸ್ರಿ ಅಂದ್ರ ಮದವಿ ಮನಿ ಮಾಡಿ ಇಟ್ಟಾರಲ್ಲೋ ಇವರು!" ಆದರೆ ತಾನೂ ಅಂದು ಮದುವೆಯ ಕೋಟು ಹಾಕಿಕೊಂಡಿದ್ದ.

ಎರಡು ಜೀಪು ಬಂದವು. ಒಬ್ಬ ಬಿಳಿ ಗಂಡಸು, ಒಬ್ಬ ಬಿಳಿ ಹೆಂಗಸು, ಚಿಕ್ಕೋಡಿಯ ಕಚೇರಿಗೆ ಹೊಸದಾಗಿ ಬಂದ ಇಂಜಿನಿಯರ, ಮಾತು ತಿರುಗಿಸಿ ಹೇಳಲು ಬೆಂಗಳೂರಿನ ಒಬ್ಬ ಹುಡುಗಿ. ಗಂಡಸರೆಲ್ಲ ಬಾವಿಯ ಹತ್ತಿರ ನಕಾಶೆ ಬಿಚ್ಚಿಕೊಂಡು ನಿಂತರು. ಆ ಹೆಂಗಸು ಮಾತ್ರ ಹುಡುಗಿಯನ್ನು ಕರೆದುಕೊಂಡು ಓಣಿಯೊಳಗೆ ಇಳಿದಳು. ಜನ ಮನೆಯಲ್ಲಿ ಕುಡಿಯುವ ನೀರನ್ನು ನೋಡುವುದು ಅವಳ ಕೆಲಸವಂತೆ. ಊರಿಗೆ ಒಂದು ಮನೆ, ತಾನೇ ಆರಿಸಿದ್ದು. ದುರಗಪ್ಪ ಅವಳ ಪೆಟ್ಟಿಗೆ ಹೊತ್ತು ಹಿಂದೆ ನಡೆದ. ಇಪ್ಪತ್ತು ಬಾಗಿಲು ದಾಟಿ ಅವಳು ನಿಂತದ್ದು ಸಕ್ಕುಬಾಯಿಯ ಬಾಗಿಲಿಗೆ.

ಪಾಪ, ಬಿಸಿಲಿಗೆ ಅವಳ ಮುಖ ಕೆಂಪು ಮೆಣಸಿನಕಾಯಿಯಾಗಿತ್ತು. ಸಕ್ಕುಬಾಯಿ ಕಂಬಳಿ ಹಾಸಿದಳು. ತಟ್ಟೆಯಲ್ಲಿ ಬೆಲ್ಲ ಇಟ್ಟಳು. ಒಳಗೆ ಹೋಗಿ ತಂಬಿಗೆ ತುಂಬಿಸಿದಳು. ಯಾವ ಕೊಡದಿಂದ ಅಂತ ಕೇಳಬೇಕೆ? ಹಾಲಸಿದ್ದ ಆಗ ಹಾಲಿನ ಟೆಂಪೋ ಹೊಡೆಯುತ್ತಿದ್ದ. ಎರಡು ದಿನಕ್ಕೊಮ್ಮೆ ಯಡೂರಿಗೆ ಹೋಗಿ ಬರುವಾಗ ಆ ಕೊಡಕ್ಕೆ ಅಂತ ಒಂದು ಕ್ಯಾನು ಹೊಳೆ ನೀರು ತರುತ್ತಿದ್ದ. ಹಿಂದಿನ ದಿನವಷ್ಟೇ ತಂದದ್ದು. ತಣ್ಣಗಿತ್ತು.

ಆ ಹೆಂಗಸು ಗಟಗಟ ಕುಡಿದು ಏನೋ ಅಂದಳು.

"ನೀರು ತುಂಬಾ ಚೆನ್ನಾಗಿದೆಯಂತೆ," ಅಂದಳು ಹುಡುಗಿ. "ನೀವೂ ಇದನ್ನೇ ಕುಡಿಯೋದಾ ಅಂತ ಕೇಳ್ತಿದಾರೆ."

ಇಪ್ಪತ್ನಾಲ್ಕು ವರ್ಷದಿಂದ ಒಂದು ಪದ್ಧತಿ ಮೈಗೆ ಹತ್ತಿದವರಿಗೆ ಇಂಥ ಪ್ರಶ್ನೆಗೆ ಎರಡು ಉತ್ತರ ಇರುವುದಿಲ್ಲ. ಮನೆಗೆ ಬಂದ ಹೆಣ್ಣುಮಗಳು ಇನ್ನೂ ತಂಬಿಗೆ ಕೆಳಗಿಟ್ಟಿಲ್ಲ.

"ಹೌದ್ರಿ," ಅಂದಳು ಸಕ್ಕುಬಾಯಿ. "ಇದನ್ನ."

ಆ ಹೆಂಗಸು ನಗುತ್ತ ಪೆಟ್ಟಿಗೆಯಿಂದ ಒಂದು ಬಿಳಿ ಬಾಟಲಿ ತೆಗೆದು ಮುಂದೆ ಹಿಡಿದಳು. ಇದರಲ್ಲೂ ಸ್ವಲ್ಪ ಹಾಕಿ ಅಂದಳು ಹುಡುಗಿ. ದಾರಿಗೆ ಅಂತ ತಿಳಿದಳು ಸಕ್ಕುಬಾಯಿ. ಬಿಸಿಲ ದಾರಿ ನಡೆಯುವವರು ನೀರು ತುಂಬಿಸಿಕೊಂಡು ಹೋಗುವುದು ಲೋಕರೂಢಿ. ಒಳಗೆ ಹೋಗಿ, ಪಾವಣ್ಯಾರ ಕೊಡ ಬಗ್ಗಿಸಿ, ಒಂದು ಹನಿ ಚೆಲ್ಲದ ಹಾಗೆ ಕಂಠದವರೆಗೆ ತುಂಬಿಸಿ ಕೊಟ್ಟಳು. ಜೀಪು ಹೋದಮೇಲೆ ಅವಳಿಗೆ ಬಹಳ ಹಿಗ್ಗಾಯಿತು. ಏಳು ಸಮುದ್ರದ ಆಚೆಯವಳು ತನ್ನ ತವರಿನ ನೀರು ಕುಡಿದು ಚಲೋ ಐತಿ ಅಂದಳಲ್ಲ ಅಂತ.

ಆ ವರ್ಷ ಅವಳ ಮನಸ್ಸು ನೆಲದ ಮೇಲೆ ಇರಲಿಲ್ಲ. ನಳ ಎಲ್ಲಿ ನಿಲ್ಲಬೇಕು ಅಂತ ಅಂಗಳದಲ್ಲಿ ಜಾಗ ಗುರುತು ಮಾಡಿ, ಭೀಮಸಿಯ ಬೆನ್ನು ಹತ್ತಿ ಅಲ್ಲೊಂದು ಹಾಸುಗಲ್ಲು ಹಾಕಿಸಿದಳು. ಅಪ್ಪಾಸಾಬನಿಗೂ ಸುದ್ದಿ ಮುಟ್ಟಿ, ಅವನು ಹೆಣ್ಣು ನೋಡಲು ಬಂದವರನ್ನು "ಅಕ್ಕನ ಮನೀಗೆ ಕೊಟ್ಟಂಗ ಐತಿ" ಅಂತ ತಿರುಗಿಸಿ ಕಳಿಸತೊಡಗಿದ. ನಾಗರಪಂಚಮಿಗೆ ಶೇವಂತಾ ಎಂಟು ದಿನ ಇರಲು ಬಂದಳು. ಹದಿನೆಂಟರ ಹುಡುಗಿ, ಮಾತು ಮಾತಿಗೆ ನಗುವವಳು. ಹಾಲಸಿದ್ದ ಮನೆಯೊಳಗೆ ಬಂದರೆ ಮಾತ್ರ ಅವಳ ನಗೆ ನಿಲ್ಲುತ್ತಿತ್ತು. ಅವನೂ ಆ ಎಂಟು ದಿನ ಟೆಂಪೋ ಬಿಟ್ಟು ಹತ್ತು ಸಲ ಮನೆಗೆ ಬಂದ. ಒಮ್ಮೆ ಟವೆಲು ಮರೆತೆ ಅಂದ, ಒಮ್ಮೆ ಬೀಡಿ ಮರೆತೆ ಅಂದ. ಅವನು ಬೀಡಿ ಸೇದುವವನೇ ಅಲ್ಲ.

ಸಂಜೆ ರೊಟ್ಟಿ ಬಡಿಯುವಾಗ ಶೇವಂತಾ ಹೊಳೆಯ ಮಾತು ಆಡುತ್ತಿದ್ದಳು. "ಈ ಸಲ ನೀರು ವೀರಭದ್ರ ದೇವರ ಗುಡಿ ಮೆಟ್ಟಿಲಕ್ಕ ಬಂದಿತ್ತು ಅತ್ತಿ. ಕೆಂಪ ನೀರು. ಅಪ್ಪನ ಎಮ್ಮಿ ಈಸಿಕೋತ ಆಚಿ ದಂಡಿಗೆ ಹೋಗಿಬಿಟ್ಟಿತ್ತು." ಸಕ್ಕುಬಾಯಿ ಹಿಟ್ಟು ನಾದುವುದನ್ನು ಮರೆತು ಕೇಳುತ್ತಿದ್ದಳು. ಇಪ್ಪತ್ನಾಲ್ಕು ವರ್ಷ ಆ ಒಲೆಯ ಮುಂದೆ ಒಬ್ಬಳೇ ಕೂತವಳಿಗೆ ಆ ಎಂಟು ಸಂಜೆ ಸಾಕಾಗಲಿಲ್ಲ. ಹುಡುಗಿ ಬಸ್ಸು ಹತ್ತಿದ ದಿನ ಮನೆಯಲ್ಲಿ ಯಾರೂ ಇಲ್ಲದ ವೇಳೆ ನೋಡಿ ಗಳಗಳ ಅತ್ತಳು. ಬರುತ್ತಾಳೆ ಅಂತ ಗೊತ್ತಿದ್ದೂ ಅತ್ತಳು.

ಮರುವರ್ಷ ಯುಗಾದಿ ಕಳೆದು ಯಾದಿ ಬಂತು. ಅಂದರೆ ಆ ರೊಕ್ಕದಲ್ಲಿ ಯಾವ ಯಾವ ಊರಿಗೆ ನಳ ಅನ್ನುವ ಪಟ್ಟಿ. ಭೀಮಗೊಂಡ ಚಿಕ್ಕೋಡಿಗೆ ಹೋಗಿ ಅದನ್ನು ನೋಡಿ, ಸಂಜೆಯ ಬಸ್ಸಿಗೆ ಇಳಿದು, ಅಂಗಡಿಗೂ ಹೋಗದೆ ಚಾವಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಊರೆಲ್ಲ ಕೂಡಿತು.

"ನಮ್ಮೂರ ಹೆಸರಿಲ್ಲ," ಅಂದ. "ಸಿದ್ದನಮಡ್ಡಿ ನೀರು ಸಿಹಿ ಅಂತ ವರದಿ ಐತಿ. ತಪಾಸ ಮಾಡಿದ ಬಾಟ್ಲಿಯಾಗ ಉಪ್ಪ ಇಲ್ಲಂತ. ಹೊಳಿ ನೀರಿನಂಥಾ ನೀರು ಅಂತ ಬರದಾರ."

ಮೊದಲು ಯಾರೂ ನಂಬಲಿಲ್ಲ. ನಂಬಿದಮೇಲೆ ಕಳ್ಳನನ್ನು ಹುಡುಕತೊಡಗಿದರು. ಊರಿನ ಸಿಟ್ಟಿಗೆ ಒಂದು ಬೆನ್ನು ಬೇಕೇಬೇಕು. ಪೆಟ್ಟಿಗೆ ಹೊತ್ತವನು ಯಾರು? ದುರಗಪ್ಪ. ಜೀಪಿನಲ್ಲಿ ಇಟ್ಟವನು ಯಾರು? ದುರಗಪ್ಪ. ಅವನ ಹೆಂಡತಿಯ ತವರಿಗೆ ನಳ ಮಂಜೂರಾಗಿಲ್ಲವೆ? ಆಗಿದೆ. ಮತ್ತೇನು ಬೇಕು? ಅವನೇ ಬಾಟಲಿ ಅದಲುಬದಲು ಮಾಡಿದ್ದಾನೆ. ಒಬ್ಬ ಅವನ ಅಂಗಿ ಹಿಡಿದ. ಇನ್ನೊಬ್ಬ ಅವನ ಕೆಲಸ ಬಿಡಿಸಿರಿ ಅಂದ. ದುರಗಪ್ಪ "ದೇವರಾಣಿ ನಾ ಮುಟ್ಟಿಲ್ರಿ, ಹೊತ್ತೇನಷ್ಟ" ಅನ್ನುತ್ತ ಕೈಮುಗಿದು ಎಲ್ಲರ ಮುಖ ನೋಡುತ್ತಿದ್ದ.

ಹೆಂಗಸರ ಸಾಲಿನಲ್ಲಿ ನಿಂತಿದ್ದ ಸಕ್ಕುಬಾಯಿಗೆ ಹೊಳಿ ನೀರಿನಂಥಾ ನೀರು ಅಂದಾಗಲೇ ಎಲ್ಲ ತಿಳಿದಿತ್ತು. ಬಾಟಲಿ ಅವಳ ಕಣ್ಣ ಮುಂದೆ ಬಂತು. ತಾನು ಅಂದ "ಹೌದ್ರಿ" ಕಿವಿಗೆ ಬಂತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಅಂತ ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಶೇವಂತಾ ಕೈತಪ್ಪಿದಳು ಅನ್ನುವುದೊಂದೇ ಸಾಲದೆ, ಅದು ತನ್ನ ಕೈಯಿಂದಲೇ ಅಂತ ಜಗತ್ತಿಗೆ ತಿಳಿಯಬೇಕೆ? ಅಷ್ಟರಲ್ಲಿ ದುರಗಪ್ಪನ ಅಂಗಿ ಪರ್ರನೆ ಹರಿಯಿತು.

"ಅವನ್ನ ಬಿಡ್ರಿ," ಅಂದಳು. "ಬಾಟ್ಲಿ ತುಂಬಿದಾಕಿ ನಾನು. ಪಾವಣ್ಯಾರ ಕೊಡದಾಗಿಂದ ತುಂಬೀನಿ."

ಎಲ್ಲರೂ ತಿರುಗಿದರು. ಭೀಮಸಿ ಹೆಂಡತಿಯನ್ನು ಹೊಸಬಳೆಂಬಂತೆ ನೋಡಿದ.

"ಆಕಿ ಬಿಸಲಾಗ ಬಂದಿದ್ಲು. ಕುಡ್ಯಾಕ ನೀರ ಕೊಟ್ಟೆ. ಇದನ್ನ ಕುಡೀತೀರೇನ ಅಂದ್ಲು, ಹೌದು ಅಂದೆ. ಬಾಟ್ಲಿ ಹಿಡದ್ಲು, ದಾರಿಗೆ ಬೇಕಾಗಿರಬೇಕು ಅಂದ್ಕೊಂಡೆ. ತಪಾಸಿಗೆ ಅಂತ ನನಗ ತಿಳೀಲಿಲ್ಲ."

ಬೈಗುಳ ಬೀಳುತ್ತವೆ ಅಂತ ಅವಳು ತಲೆ ತಗ್ಗಿಸಿ ನಿಂತಳು. ಆದರೆ ಯಾರು ಬೈಯಬೇಕು? ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ ಎರಡನೆಯ ಕೊಡ ಇತ್ತು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡಳು. ಭೀಮಗೊಂಡ ಕಟ್ಟೆಯಿಂದ ಎದ್ದ. "ನಮ್ಮ ಮನೀಗೆ ಬಂದಿದ್ರೂ ನಮ್ಮಾಕಿ ಇದನ್ನ ಮಾಡ್ತಿದ್ಲು," ಅಂದ. "ಏ ದುರಗಪ್ಪಾ, ನಾಳೆ ಅಂಗಡೀಗೆ ಬಾ, ಅಂಗಿ ಅರಿವಿ ತಗೊಂಡ ಹೋಗು."

ಎರಡು ದಿನ ಬಿಟ್ಟು ಭೀಮಗೊಂಡ ಅವಳನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದ. ಸಕ್ಕುಬಾಯಿ ಕಂಕುಳಲ್ಲಿ ಬಾವಿಯ ನೀರಿನ ಒಂದು ಕ್ಯಾನು ಇಟ್ಟುಕೊಂಡಿದ್ದಳು, ದಾರಿಯುದ್ದಕ್ಕೂ ಕೆಳಗಿಡಲಿಲ್ಲ. ಇಂಜಿನಿಯರ ಒಳ್ಳೆಯ ಮನುಷ್ಯನೇ. ಕೂರಿಸಿದ, ಕೇಳಿದ, ಆ ನೀರನ್ನು ಬಾಯಿಗೆ ಹಾಕಿ ನೋಡಿ ಕಿಟಕಿಯ ಹೊರಗೆ ಉಗುಳಿದ.

"ನಮ್ಮ ಸರಕಾರದ ರೊಕ್ಕ ಆಗಿದ್ರ ನಾ ಇವತ್ತ ಇನ್ನೊಂದು ವರದಿ ಬರದ ಕಳಸ್ತಿದ್ದೆ ಅವ್ವಾ. ಇದು ಹೊರಗಿನ ರೊಕ್ಕ. ಯಾದಿ ಅಲ್ಲಿ ಪಾಸಾಗಿ ಬಂದೈತಿ. ಇಲ್ಲಿಂದ ಒಂದ ಹೆಸರ ಸೇರಸಾಕ ಬರೂದಿಲ್ಲ. ಇನ್ನ ಎರಡನೇ ಹಂತದಾಗ ನೋಡಬೇಕು."

"ಅದ ಯಾವಾಗ್ರಿ?"

"ಐದ ವರ್ಷ. ಆರೂ ಆದೀತು."

ಸಕ್ಕುಬಾಯಿ ಎಣಿಸಿದಳು. ಶೇವಂತಾಳಿಗೆ ಇಪ್ಪತ್ತೈದು ಆಗಿರುತ್ತದೆ. ಯಾವ ಅಪ್ಪ ಇಪ್ಪತ್ತೈದರವರೆಗೆ ಮಗಳನ್ನು ಮನೆಯಲ್ಲಿ ಇಟ್ಟುಕೊಂಡಾನು? ಎದ್ದು ನಿಂತವಳು ಬಾಗಿಲ ಹತ್ತಿರ ತಿರುಗಿ ಕೇಳಿದಳು.

"ಸಾಹೇಬ್ರ, ಈ ಸಾಲದಾಗಿಂದ ನಮ್ಮೂರ ಪಾಲು ತಗದ್ರೇನು? ನಮಗ ನೀರ ಕೊಡಲಿಲ್ಲಲ್ಲ, ಅದಕ್ಕ."

ಇಂಜಿನಿಯರ ಭೀಮಗೊಂಡನ ಮುಖ ನೋಡಿದ. "ಅದು ಹಂಗ ತಗ್ಯಾಕ ಬರೂದಿಲ್ಲವ್ವಾ. ಅದು ದೇಶದ ಸಾಲ."

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನೀರಿನ ಋಣ ಇಲ್ಲದ ಊರಿಗೂ ಸಾಲದ ಋಣ ಇರುತ್ತದೆ ಅನ್ನುವುದು ಅವಳ ತಲೆಗೆ ಹೋಗಿತ್ತು, ಎದೆಗೆ ಹೋಗಿರಲಿಲ್ಲ. ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿದಳು. ಬೇಸಿಗೆಯ ಹೊಳೆ, ಸಣ್ಣಗಾಗಿ ಮರಳ ನಡುವೆ ಹರಿಯುತ್ತಿತ್ತು. ಅದು ಅಲ್ಲೇ ಇತ್ತು, ಯಾರು ಬಂದರೂ ಬೊಗಸೆಗೆ ಸಿಗುವ ಹಾಗೆ. ಮನೆಗೆ ತರಲು ಮಾತ್ರ ಏಳು ಸಮುದ್ರದ ಆಚೆಯವರ ಸಹಿ ಬೇಕಿತ್ತು.

ಅಪ್ಪಾಸಾಬ ಬಂದದ್ದು ದೀಪಾವಳಿ ಆದಮೇಲೆ. ಈ ಸಲವೂ ಕಣ್ಣು ತಪ್ಪಿಸಿದ. "ಕಬ್ಬೂರಿನ ಕಡೆ ಒಂದ ಮನಿ ಬಂದೈತಿ ಅಕ್ಕಾ. ಹುಡುಗ ಚಲೋ ಅದಾನ. ನಾ ಎಷ್ಟ ದಿನಾ ಅಂತ..." ಉಳಿದದ್ದನ್ನು ಹೇಳಲಾರದೆ ಟೊಪ್ಪಿಗೆ ತೆಗೆದು ಮೊಳಕಾಲಿನ ಮೇಲೆ ಇಟ್ಟುಕೊಂಡ.

ಸಕ್ಕುಬಾಯಿ ತಮ್ಮನಿಗೆ ಎಲ್ಲ ಹೇಳಿದಳು. ಬಾಟಲಿ, ಕೊಡ, ತಾನು ಅಂದ ಮಾತು. "ಊರ ಮಾನಾ ಕಾಯಾಕ ಹೋದಿ," ಅಂದ ಅವನು. "ನಾ ಕೊಟ್ಟ ಮಾತನ್ನ ಹೆಂಗ ಕಾಯ್ಲಿ ಅಕ್ಕಾ, ನೀನ ಹೇಳು." ಅವಳು ಏನು ಹೇಳಬೇಕು? ನಳ ಇಲ್ಲದ ಮನೆಗೆ ಮಗಳನ್ನು ಕೊಡು ಅಂತ ಹಟ ಹಿಡಿಯಬಹುದಿತ್ತು, ಹಕ್ಕಿನಿಂದ ಕೇಳಬಹುದಿತ್ತು. ಆದರೆ ದಿನಾ ಮುಂಜಾನೆ ತನ್ನ ಬಾಯಿಗೆ ಬರುವ ಮೊದಲ ಗುಟುಕು ಅವಳಿಗೆ ಗೊತ್ತಿತ್ತು. ಅದನ್ನು ಆ ಹುಡುಗಿಯ ಬಾಯಿಗೆ ಹಾಕಲು ಅವಳ ಮನಸ್ಸು ಒಪ್ಪಲಿಲ್ಲ. "ಕೊಡು ತಮ್ಮಾ," ಅಂದಳು. "ಚಲೋ ಮನಿ ಇದ್ರ ಕೊಡು." ಹಾಲಸಿದ್ದ ಅಂದು ಟೆಂಪೋ ತಗೊಂಡು ಹೋದವನು ಮರುದಿನ ಮಧ್ಯಾಹ್ನ ಬಂದ. ಅವ್ವನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮದುವೆ ಮಾಘ ಮಾಸದಲ್ಲಿ. ಅರಿಷಿಣ ಹಚ್ಚುವಾಗ ಮೊದಲ ಕೈ ಸೋದರತ್ತೆಯದು, ಅದನ್ನು ತಪ್ಪಿಸಲು ಬರುವುದಿಲ್ಲ. ಯಡೂರಿನ ಆ ಹಳೆಯ ಹಿತ್ತಲಲ್ಲಿ, ಮಣೆಯ ಮೇಲೆ ಶೇವಂತಾ ಕೂತಿದ್ದಳು. ಹೆಂಗಸರು ಹಾಡು ಹೇಳುತ್ತಿದ್ದರು. ಸಕ್ಕುಬಾಯಿ ಅರಿಷಿಣದ ಬಟ್ಟಲು ಹಿಡಿದು ಅವಳ ಕಾಲ ಹತ್ತಿರ ಕೂತು, ಒಂದು ಪಾದಕ್ಕೆ ಹಚ್ಚಿದಳು. ಮುಖ ಎತ್ತಲು ಧೈರ್ಯ ಬರಲಿಲ್ಲ.

"ಅಪ್ಪ ಎಲ್ಲಾ ಹೇಳ್ಯಾನ," ಅಂದಳು ಶೇವಂತಾ ಮೆಲ್ಲಗೆ, ಹಾಡಿನ ಸದ್ದಿನಲ್ಲಿ ಬೇರೆಯವರಿಗೆ ಕೇಳದ ಹಾಗೆ. "ಬಾಟ್ಲೀದು."

"ತಪ್ಪಾತು ಮಗಳ. ನಾ ಆಗ ಒಂದ ಮಾತ ಖರೇ ಹೇಳಿದ್ರ ಇವತ್ತ ನಳಾ ಬರ್ತಿತ್ತು. ನೀನೂ ಬರ್ತಿದ್ದಿ."

ಶೇವಂತಾ ತನ್ನ ಹಳದಿ ಪಾದ ನೋಡಿದಳು.

"ನೀರು ಹೆಂಗರ ಇರ್ಲಿ ಅತ್ತಿ, ನಾ ಬರ್ತಿದ್ದೆ," ಅಂದಳು. "ಅಪ್ಪನೂ ನಳದ ಮಾತ ಆಡಿದ, ನೀನೂ ನಳದ ಮಾತ ಆಡಿದಿ. ಆರ ವರ್ಷ. ನನ್ನ ಮಾತ್ರ ಯಾರೂ ಕೇಳಲಿಲ್ಲ."

ಸಕ್ಕುಬಾಯಿ ತಲೆ ಎತ್ತಿದಳು. ಹುಡುಗಿಯ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ.

"ನಾ ಕೇಳಬೇಕಾಗಿತ್ತು," ಅಂದಳು ಸಕ್ಕುಬಾಯಿ.

"ಹೂಂ," ಅಂದಳು ಶೇವಂತಾ. ಹಿಂದೆ ನಿಂತವರು ಲಗೂ ಮಾಡ್ರಿ, ಬೀಗರು ಬರೂ ಹೊತ್ತಾತು ಅಂತ ಅವಸರ ಮಾಡಿದರು. ಅವಳು ಇನ್ನೊಂದು ಪಾದ ಮುಂದೆ ಚಾಚಿದಳು, ಸಕ್ಕುಬಾಯಿ ಅದಕ್ಕೂ ಅರಿಷಿಣ ಹಚ್ಚಿದಳು.